ಹಳೆಯ ಟ್ರ್ಯಾಕ್ಟರುಗಳ ಸವೆದ ಬ್ರೇಕುಗಳೂ ಅವುಗಳ ದುರಸ್ತಿಯೂ

ಕಬ್ಬಿನ ಕಟಾವು ಆರಂಭವಾಗುತ್ತಲೇ ಮಂಡ್ಯ ಮೊದಲಾದ ನೀರಾವರಿ ಪ್ರಾಂತಗಳ ರಸ್ತೆಗಳಲ್ಲಿ, ಒಂದೊಂದು ಟ್ರ್ಯಾಕ್ಟರಿನ ಹಿಂದೆ ಒಂದು, ಕೆಲವೆಡೆ ಎರಡು ಟ್ರೈಲರುಗಳು ಹೊರೆ ಹೊತ್ತು ಸಾಲುಗಟ್ಟಿ ಸಾಗುವುದನ್ನು ಎಲ್ಲರೂ ಕಂಡಿರುವರು. ಈ ಯಂತ್ರಗಳಲ್ಲಿ ಅನೇಕವು ಹತ್ತಿಪ್ಪತ್ತು ವರ್ಷ ದುಡಿದವು. ಕೆಲವು ಅದಕ್ಕೂ ಹಿಂದಿನವು. ಇವುಗಳ ಮಾಲೀಕರು ಇಂಜಿನ್ನಿಗೆ ಕಾಲಕಾಲಕ್ಕೆ ಎಣ್ಣೆ ಬದಲಾಯಿಸುವರು. ಟೈರು ಸವೆದರೆ ಸಾಲ ಮಾಡಿಯಾದರೂ ಹೊಸದನ್ನು ಹಾಕಿಸುವರು. ನೇಗಿಲಿನ ಕುಳ ಮೊಂಡಾದರೆ ಅಂದೇ ಕುಲುಮೆಗೆ ಕಳುಹಿಸುವರು. ಬ್ರೇಕಿನ ಮಾತು ಬಂದಾಗ ಮಾತ್ರ "ಈ ಸುಗ್ಗಿಯೊಂದು ಕಳೆಯಲಿ" ಎಂದು ಮುಂದೂಡುವುದು ವಾಡಿಕೆಯಾಗಿದೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಬ್ರೇಕು ಸವೆದರೆ ಉಳುಮೆ ನಿಲ್ಲುವುದಿಲ್ಲ. ಹೊಲದ ಸಡಿಲ ಮಣ್ಣೂ ನೆಲದಲ್ಲಿ ಹೂತಿರುವ ನೇಗಿಲೂ ತಾವೇ ಯಂತ್ರವನ್ನು ಹಿಡಿದು ನಿಲ್ಲಿಸುವುವು. ಆದುದರಿಂದ ಬ್ರೇಕಿನ ನ್ಯೂನತೆಯು ಹೊಲದಲ್ಲಿ ಮರೆಯಾಗಿದ್ದು, ಹೊರೆಯೊಡನೆ ಕೆರೆಯ ಏರಿಯಿಂದ ಇಳಿಯುವ ದಿನ ಮೊದಲ ಸಲ ಕಾಣಿಸಿಕೊಳ್ಳುವುದು.

ಹಿಂದೆ ಘಟ್ಟದ ದಾರಿಗಳಲ್ಲಿ ಸರಕು ಸಾಗಿಸುತ್ತಿದ್ದ ಎತ್ತಿನ ಗಾಡಿಗಳಿಗೆ ಬಿರಿ ಇರುತ್ತಿತ್ತು. ಮರದ ತುಂಡೊಂದು ಚಕ್ರದ ಪಟ್ಟಿಗೆ ಒತ್ತಿಕೊಂಡು ವೇಗವನ್ನು ತಗ್ಗಿಸುತ್ತಿತ್ತು. ಇದರ ಜೊತೆಗೆ ಎತ್ತುಗಳೂ ಕಾಲೂರಿ ಹಿಂದಕ್ಕೆ ಒತ್ತಿ ಗಾಡಿಯನ್ನು ತಡೆಯುತ್ತಿದ್ದವು. ಗಾಡಿಯವನು ಇಳಿಜಾರಿನ ನೆತ್ತಿಯಲ್ಲಿ ನಿಂತು ಬಿರಿಯನ್ನು ನೋಡಿಕೊಂಡಲ್ಲದೆ ಇಳಿಯುತ್ತಿರಲಿಲ್ಲ. ಟ್ರ್ಯಾಕ್ಟರಿನ ಹಿಂದಿನ ಟ್ರೈಲರಿಗೆ ಎತ್ತುಗಳಿಲ್ಲ. ಬಹುಪಾಲು ಬಿರಿಯೂ ಇಲ್ಲ. ಇದ್ದಷ್ಟು ತಡೆಯೆಲ್ಲವೂ ಟ್ರ್ಯಾಕ್ಟರಿನ ಎರಡು ಹಿಂಗಾಲಿಗಳಲ್ಲಿಯೇ ಇದೆ.

ಆ ತಡೆಯು ಎಷ್ಟು ಎಂಬುದನ್ನು ಲೆಕ್ಕದಿಂದ ತಿಳಿಯಬಹುದು. ೨ ಟನ್ ತೂಗುವ ಟ್ರ್ಯಾಕ್ಟರೊಂದು ಒಂಟಿಯಾಗಿ ಗಂಟೆಗೆ ೨೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದು, ಬ್ರೇಕು ಹಿಡಿದ ಮೇಲೆ ೬ ಮೀಟರಿನಲ್ಲಿ ನಿಲ್ಲುವುದೆಂದು ಇಟ್ಟುಕೊಳ್ಳೋಣ. ಅದೇ ಯಂತ್ರಕ್ಕೆ ಹೊರೆಯೂ ಸೇರಿ ೬ ಟನ್ ತೂಗುವ, ಬ್ರೇಕಿಲ್ಲದ ಟ್ರೈಲರನ್ನು ಕಟ್ಟಿದರೆ, ತಡೆಯುವ ಶಕ್ತಿ ಮೊದಲಿನಷ್ಟೇ ಇದ್ದು ತಡೆಯಬೇಕಾದ ಭಾರವು ನಾಲ್ಕರಷ್ಟಾಗುವುದರಿಂದ, ನಿಲ್ಲಲು ೨೪ ಮೀಟರು ಬೇಕಾಗುವುದು. ಚಾಲಕನು ಅಪಾಯವನ್ನು ಕಂಡು ಕಾಲನ್ನೊತ್ತುವ ಒಂದು ಸೆಕೆಂಡಿನಲ್ಲಿ ಯಂತ್ರವು ಇನ್ನೂ ೫ ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುವುದು. ಒಟ್ಟು ಸುಮಾರು ೩೦ ಮೀಟರು, ಎಂದರೆ ನೂರು ಅಡಿ. ಬ್ರೇಕಿನ ಶಕ್ತಿ ಅರ್ಧಕ್ಕೆ ಇಳಿದಿದ್ದರೆ ೨೪ ಮೀಟರು ೪೮ ಆಗುವುದು. ಇದು ಸಮನೆಲದ ಮಾತು. ಏರಿಯಿಂದ ಗದ್ದೆಬಯಲಿಗೆ ಇಳಿಯುವ ದಾರಿಗಳು ಕೆಲವು ಕಡೆ ಹತ್ತು ಅಡಿಗೆ ಒಂದು ಅಡಿಯಂತೆ ಇಳಿದಿರುವುದುಂಟು. ಅಂಥಲ್ಲಿ ಈ ೮ ಟನ್ ಭಾರವು ಕೆಳಕ್ಕೆ ನೂಕುವ ಬಲವು ಮೇಲೆ ಹೇಳಿದ ಒಳ್ಳೆಯ ಬ್ರೇಕಿನ ಬಲವನ್ನೂ ಮೀರುವುದು. ಚಾಲಕನು ಪೆಡಲಿನ ಮೇಲೆ ನಿಂತರೂ ವೇಗವು ಏರುತ್ತಲೇ ಹೋಗುವುದು. ಬ್ರೇಕು ಹೊಸದಾಗಿರುವಾಗಲೇ ಸ್ಥಿತಿಯು ಹೀಗಿರುವಲ್ಲಿ, ಸವೆದ ಬ್ರೇಕಿನೊಡನೆ ಸುಗ್ಗಿಯನ್ನು ಕಳೆಯುವೆನೆಂಬುದು ಸಾಹಸವೇ ಸರಿ.

ಬ್ರೇಕು ದುರ್ಬಲವಾಗಿರುವುದಕ್ಕಿಂತಲೂ ಎರಡು ಬ್ರೇಕುಗಳು ಅಸಮವಾಗಿರುವುದು ಹೆಚ್ಚು ಅಪಾಯಕರವೆಂಬುದನ್ನು ಮಾಲೀಕರು ಮುಖ್ಯವಾಗಿ ಮನಸ್ಸಿನಲ್ಲಿಡಬೇಕು. ಟ್ರ್ಯಾಕ್ಟರಿನ ರಚನೆಯೇ ಇದಕ್ಕೆ ಕಾರಣ. ಎಡಗಾಲಿಗೆ ಒಂದು, ಬಲಗಾಲಿಗೆ ಒಂದು, ಹೀಗೆ ಎರಡು ಬ್ರೇಕುಗಳಿದ್ದು ಒಂದೊಂದಕ್ಕೂ ಬೇರೆ ಪೆಡಲು ಇರುವುದು. ಹೊಲದ ಕೊನೆಯಲ್ಲಿ ಸಾಲು ಮುಗಿದಾಗ ಒಂದೇ ಪಕ್ಕದ ಬ್ರೇಕನ್ನು ಹಿಡಿದರೆ ಆ ಗಾಲಿಯು ನಿಂತು, ಯಂತ್ರವು ಅದರ ಸುತ್ತ ತಿರುಗಿ ಸ್ವಲ್ಪ ಜಾಗದಲ್ಲಿಯೇ ಹಿಂದಿರುಗುವುದು. ರಸ್ತೆಗೆ ಬಂದಾಗ ಎರಡು ಪೆಡಲುಗಳನ್ನೂ ಒಂದು ಚಿಲಕದಿಂದ ಜೋಡಿಸಿ ಒಂದನ್ನಾಗಿ ಮಾಡತಕ್ಕದ್ದು. ಹೊಲದಲ್ಲಿ ಸದಾ ಒಂದೇ ಪಕ್ಕಕ್ಕೆ ತಿರುಗಿಸುವ ಅಭ್ಯಾಸವುಳ್ಳ ಚಾಲಕನ ಕೈಯಲ್ಲಿ ಆ ಪಕ್ಕದ ಬ್ರೇಕು ಬೇಗ ಸವೆಯುವುದು ಸಹಜ. ಆಮೇಲೆ ರಸ್ತೆಯಲ್ಲಿ ಚಿಲಕ ಹಾಕಿ ಒತ್ತಿದಾಗ, ಸವೆಯದ ಪಕ್ಕವು ಮೊದಲು ಹಿಡಿಯುವುದು. ಸವೆದ ಪಕ್ಕವು ಡ್ರಮ್ಮನ್ನು ಮುಟ್ಟುವಷ್ಟರಲ್ಲಿ ಯಂತ್ರವು ಆಗಲೇ ಓರೆಯಾಗಿರುವುದು. ಹಿಂದಿನಿಂದ ಟ್ರೈಲರು ನೂಕುತ್ತಿರುವುದರಿಂದ ಟ್ರ್ಯಾಕ್ಟರು ಅಡ್ಡ ತಿರುಗಿ ಮಗುಚುವುದು. ಕಾಲುವೆಯ ದಂಡೆಯ ಮೇಲಿನ ಕಿರಿದಾದ ದಾರಿಯಲ್ಲಿ ಇದರ ಫಲವೇನೆಂಬುದನ್ನು ವಿವರಿಸಬೇಕಾದುದಿಲ್ಲ.

ದುರ್ಬಲವಾದ ಬ್ರೇಕು ತನ್ನ ದೋಷವನ್ನು ಚಾಲಕನಿಗೆ ಪ್ರತಿದಿನವೂ ತಿಳಿಸುತ್ತಿರುವುದರಿಂದ ಅವನು ಹುಷಾರಾಗಿ ಹೋಗುವನು. ಅಸಮವಾದುದು ಮೆಲ್ಲಗೆ ಒತ್ತುವಾಗ ಏನನ್ನೂ ತೋರಗೊಡದೆ, ಗಾಬರಿಯಲ್ಲಿ ಬಲವಾಗಿ ಒತ್ತಿದಾಗ ಮಾತ್ರ ವಂಚಿಸುವುದು. ಅನೇಕ ಯಂತ್ರಗಳಲ್ಲಿ ಪೆಡಲುಗಳ ಚಿಲಕವೇ ಕಳೆದುಹೋಗಿದ್ದು, ಕೆಲವರು ಕಟ್ಟುತಂತಿಯನ್ನು ಸುತ್ತಿಕೊಂಡಿರುವುದೂ, ಕೆಲವರು ಅದನ್ನೂ ಮಾಡದೆ ಕಾಲನ್ನು ಓರೆಯಾಗಿಟ್ಟು ಎರಡನ್ನೂ ಒತ್ತುವೆವೆಂದು ಹೇಳುವುದೂ ಉಂಟು. ಚಿಲಕದ ಬೆಲೆ ಬಹಳ ಅಲ್ಪ. ಅದಿಲ್ಲದ ಯಂತ್ರವನ್ನು ರಸ್ತೆಗೆ ಬಿಡತಕ್ಕದ್ದಲ್ಲ.

ಪರೀಕ್ಷಿಸುವ ಕ್ರಮವು ಸುಲಭವಾದುದು. ಒಣಗಿದ, ಸಮನಾದ ಮಣ್ಣಿನ ಬಯಲೊಂದನ್ನು, ಕಣವಾದರೂ ಸರಿಯೆ, ಆರಿಸಿಕೊಂಡು ಟ್ರೈಲರನ್ನು ಬಿಚ್ಚಿ, ಪೆಡಲುಗಳಿಗೆ ಚಿಲಕ ಹಾಕಿ, ಗಂಟೆಗೆ ಹತ್ತು ಕಿಲೋಮೀಟರಿನಷ್ಟು ವೇಗದಲ್ಲಿ ನೆಟ್ಟಗೆ ನಡೆಸಿ ಒಮ್ಮೆಲೇ ಒತ್ತಬೇಕು. ಎರಡು ಹಿಂಗಾಲಿಗಳೂ ನೆಲದ ಮೇಲೆ ಉಜ್ಜಿದ ಗುರುತುಗಳನ್ನು ಬಿಡುವುವು. ಅವು ಒಂದೇ ಸ್ಥಳದಲ್ಲಿ ಆರಂಭವಾಗಿ ಒಂದೇ ಉದ್ದವಾಗಿದ್ದರೆ ಬ್ರೇಕುಗಳು ಸಮವಾಗಿರುವುವು. ಒಂದು ಗುರುತು ಉದ್ದವಾಗಿ ಇನ್ನೊಂದು ಗಿಡ್ಡವಾಗಿದ್ದರೆ, ಅಥವಾ ಒಂದೇ ಗುರುತಿದ್ದರೆ, ಚಾಲಕನು ಏನೇ ಹೇಳಲಿ, ಯಂತ್ರವು ದುರಸ್ತಿಗೆ ಬಂದಿದೆ. ಗುರುತೇ ಬೀಳದೆ ಯಂತ್ರವು ಉರುಳಿಕೊಂಡು ಹೋದರೆ ಎರಡೂ ಸವೆದಿವೆ. ಈ ಪರೀಕ್ಷೆಯನ್ನು ಮಾಲೀಕನು ಎದುರಿಗೆ ನಿಂತು ಮಾಡಿಸಬೇಕು. ಕೂಲಿಗೆ ಬಂದ ಚಾಲಕನು ಎರಡು ಮೂರು ಸಲ ಪೆಡಲನ್ನು ತುಳಿದು ನಿಲ್ಲಿಸುವುದಕ್ಕೆ ಒಗ್ಗಿಹೋಗಿರುವನು. ಕೆಲಸ ಹೋದೀತೆಂಬ ಅಂಜಿಕೆಯಿಂದ ದೂರನ್ನೂ ಹೇಳಲಾರನು.

ದೋಷವು ಕಂಡೊಡನೆ ಹೊಸ ಲೈನಿಂಗು ತರಲು ಪೇಟೆಗೆ ಓಡಬೇಕಾದುದಿಲ್ಲ. ಮೊದಲು ಪೆಡಲಿನಿಂದ ಗಾಲಿಯವರೆಗಿನ ಕಂಬಿಗಳನ್ನೂ ಅವುಗಳ ಕೀಲುಗಳನ್ನೂ ಕೈಯಿಂದ ಅಲುಗಿಸಿ ನೋಡಬೇಕು. ಪಿನ್ನುಗಳೂ ಅವುಗಳ ತೂತುಗಳೂ ಸವೆದು ಸಡಿಲವಾಗಿದ್ದರೆ ಪೆಡಲಿನ ಓಟವೆಲ್ಲವೂ ಆ ಸಡಿಲದಲ್ಲಿಯೇ ಕಳೆದುಹೋಗುವುದು. ಪಿನ್ನು ಬದಲಾಯಿಸಿ, ಕಂಬಿಯ ನಟ್ಟನ್ನು ಬಿಗಿಮಾಡಿದಷ್ಟಕ್ಕೇ ಬ್ರೇಕು ಸರಿಹೋದ ಸಂದರ್ಭಗಳುಂಟು. ನಟ್ಟು ಕೊನೆಯವರೆಗೂ ಬಂದುಬಿಟ್ಟಿದ್ದು, ಇನ್ನು ಬಿಗಿಮಾಡಲು ಸ್ಥಳವಿಲ್ಲದಿದ್ದರೆ ಲೈನಿಂಗು ಮುಗಿದಿದೆಯೆಂದು ತಿಳಿಯಬೇಕು.

ಗಾಲಿಯನ್ನು ಬಿಚ್ಚುವ ಮೊದಲು ಯಂತ್ರವನ್ನು ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಮುಂಗಾಲಿಗಳಿಗೆ ಎರಡು ಕಡೆಯಿಂದಲೂ ಮರದ ತುಂಡುಗಳನ್ನು ಅಡ್ಡ ಕೊಡಬೇಕು. ಮುಂದಿನ ಅಚ್ಚು ನಡುವಿನ ಒಂದೇ ಕೀಲಿನ ಮೇಲೆ ತೂಗುತ್ತಿರುವುದರಿಂದ, ಹಿಂದಣ ಭಾಗವನ್ನು ಎತ್ತಿದಾಗ ಯಂತ್ರವು ಪಕ್ಕಕ್ಕೆ ವಾಲುವ ಸಂಭವವುಂಟು; ಅಚ್ಚಿಗೂ ಯಂತ್ರದ ಒಡಲಿಗೂ ನಡುವೆ ಎರಡು ಪಕ್ಕದಲ್ಲಿಯೂ ಮರದ ಬೆಣೆಗಳನ್ನು ಬಡಿದರೆ ಇದು ತಪ್ಪುವುದು. ಒಂದು ಸಲಕ್ಕೆ ಒಂದೇ ಪಕ್ಕವನ್ನು ಎತ್ತುವುದು ಕ್ಷೇಮ. ಎತ್ತಿದ ಕೂಡಲೆ ದಪ್ಪ ಮರದ ದಿಮ್ಮಿಗಳನ್ನು ಅಡಿಯಲ್ಲಿ ಪೇರಿಸತಕ್ಕದ್ದು. ಜಾಕನ್ನೊಂದನ್ನೇ ನಂಬಿ ಕೆಳಗೆ ಕೈಯಿಡುವುದೂ, ಇಟ್ಟಿಗೆ ಅಥವಾ ಸಿಮೆಂಟಿನ ಟೊಳ್ಳು ಕಲ್ಲುಗಳನ್ನು ಊರೆ ಕೊಡುವುದೂ ಕೂಡದು. ಇಟ್ಟಿಗೆಯು ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುವುದು. ಕೆಲವರು ಹಿಂದಿನ ಟೈರುಗಳಿಗೆ ತೂಕಕ್ಕಾಗಿ ನೀರು ತುಂಬಿಸಿರುವರು. ಅಂಥ ಗಾಲಿಯನ್ನು ಒಬ್ಬನೇ ಇಳಿಸಲು ಹೋಗಬಾರದು.

ಇನ್ನು ಒಳಗಿನ ರಚನೆ. ಫರ್ಗ್ಯುಸನ್ ಟಿ.ಇ. ೨೦ ಎಂಬ ಯಂತ್ರವು ೧೯೪೬ರಿಂದ ೧೯೫೬ರವರೆಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ತಯಾರಾಗುತ್ತಿತ್ತು. ಅದರಲ್ಲಿಯೂ ಅನಂತರ ಬಂದ ಎಷ್ಟೋ ಮಾದರಿಗಳಲ್ಲಿಯೂ ಇರುವುದು ಡ್ರಮ್ಮಿನ ಬ್ರೇಕು: ಗಾಲಿಯೊಡನೆ ತಿರುಗುವ ಬೀಡುಕಬ್ಬಿಣದ ಡ್ರಮ್ಮಿನೊಳಗೆ ಎರಡು ಅರ್ಧಚಂದ್ರಾಕಾರದ ಶೂಗಳು ಅಗಲವಾಗಿ ಒತ್ತಿಕೊಳ್ಳುವುವು. ಶೂಗಳ ಮೈಮೇಲಿನ ಲೈನಿಂಗೇ ಸವೆಯುವ ವಸ್ತು. ಲೈನಿಂಗು ರಿವೆಟ್ಟುಗಳ ತಲೆಯ ಮಟ್ಟಕ್ಕೆ ಬರುವ ಮೊದಲೇ ಅದನ್ನು ಬದಲಾಯಿಸತಕ್ಕದ್ದು. ಆ ಮಟ್ಟವನ್ನು ದಾಟಿದರೆ ರಿವೆಟ್ಟುಗಳು ಡ್ರಮ್ಮನ್ನು ಉತ್ತು ಸಾಲುಗಳನ್ನು ಕೊರೆಯುವುವು. ಆಗ ಲೈನಿಂಗಿನ ಜೊತೆಗೆ ಡ್ರಮ್ಮಿನ ವೆಚ್ಚವೂ ತಲೆಗೆ ಬರುವುದು.

ಗಾಲಿಯನ್ನು ತೆಗೆದ ಮೇಲೆ ಡ್ರಮ್ಮನ್ನು ಹಿಡಿದಿರುವ ತಿರುಪುಗಳನ್ನು ಬಿಚ್ಚಿ, ಬ್ರೇಕಿನ ಬಿಗಿತವನ್ನು ಪೂರ್ತಿ ಸಡಿಲಿಸಿದರೆ ಡ್ರಮ್ಮು ಹೊರಕ್ಕೆ ಬರುವುದು. ಬಾರದಿದ್ದರೆ ಮರದ ಕೊಡತಿಯಿಂದ ಸುತ್ತಲೂ ತಟ್ಟಬೇಕು. ಕಬ್ಬಿಣದ ಸುತ್ತಿಗೆಯ ಪೆಟ್ಟಿಗೆ ಬೀಡುಕಬ್ಬಿಣವು ಬಿರಿಯುವುದು. ಒಳಗೆ ಕಾಣುವ ಧೂಳಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಬೆರೆತಿರುವುದು. ಅದರ ಸೂಕ್ಷ್ಮವಾದ ಎಳೆಗಳು ಉಸಿರಿನೊಡನೆ ಶ್ವಾಸಕೋಶಗಳನ್ನು ಸೇರಿದರೆ ಎಷ್ಟೋ ವರ್ಷಗಳ ಅನಂತರ ಕ್ಯಾನ್ಸರ್ ಮುಂತಾದ ಗುಣವಾಗದ ರೋಗಗಳನ್ನು ತರಬಲ್ಲುವು. ಬಾಯಿಂದ ಊದುವುದೂ, ಗಾಳಿಯ ಪಂಪಿನಿಂದ ಬೀಸುವುದೂ, ಒಣ ಪೊರಕೆಯಿಂದ ಗುಡಿಸುವುದೂ ಕೂಡದು. ನೀರಿನಿಂದ ಚೆನ್ನಾಗಿ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಚೀಲದಲ್ಲಿ ಕಟ್ಟಿಹಾಕಬೇಕು. ಮಕ್ಕಳನ್ನು ಹತ್ತಿರಕ್ಕೆ ಬಿಡಬಾರದು.

ಲೈನಿಂಗು ಕಪ್ಪಾಗಿ, ಹೊಳಪಾಗಿ, ಜಿಡ್ಡಾಗಿದ್ದರೆ ಅದು ಸವೆತವಲ್ಲ, ಎಣ್ಣೆಯು ಒಳಸೇರಿದೆ. ಇಲ್ಲಿಯೇ ಬಹುಜನ ಮಾಲೀಕರು ಹಣವನ್ನು ಕಳೆದುಕೊಳ್ಳುವುದು. ಹೊಸ ಲೈನಿಂಗನ್ನು ಹಾಕಿಸುವರು. ಅಚ್ಚಿನ ಆಯಿಲ್ ಸೀಲು ಹಳೆಯದೇ ಇರುವುದರಿಂದ ಕೆಲವು ವಾರಗಳಲ್ಲಿ ಅದೂ ಎಣ್ಣೆ ಕುಡಿದು ನಿರುಪಯೋಗವಾಗುವುದು. ಮೆಕ್ಯಾನಿಕನು ಮೋಸ ಮಾಡಿದನೆಂಬ ಮಾತು ಹುಟ್ಟುವುದು. ಸೀಲನ್ನು ಮೊದಲು ಬದಲಾಯಿಸಬೇಕು. ಸೀಲು ಏಕೆ ಸೋರಿತೆಂಬುದನ್ನೂ ವಿಚಾರಿಸಬೇಕು. ಗೇರಿನ ಪೆಟ್ಟಿಗೆಗೆ ಗುರುತಿಗಿಂತ ಹೆಚ್ಚು ಎಣ್ಣೆ ಸುರಿದಿದ್ದರೆ ಸೋರುವುದುಂಟು. ಪೆಟ್ಟಿಗೆಯ ಮೇಲೆ ಗಾಳಿಯಾಡಲು ಇಟ್ಟಿರುವ ಸಣ್ಣ ಮೂತಿಯು ಗದ್ದೆಯ ಕೆಸರಿನಿಂದ ಮುಚ್ಚಿಹೋಗಿದ್ದರೆ, ಬಿಸಿಯೇರಿದಾಗ ಒಳಗಿನ ಒತ್ತಡವು ಎಣ್ಣೆಯನ್ನು ಸೀಲಿನ ಮೂಲಕ ಹೊರಕ್ಕೆ ತಳ್ಳುವುದು. ಒಂದು ಕಡ್ಡಿಯಿಂದ ಆ ಮೂತಿಯನ್ನು ಬಿಡಿಸಿದ್ದರೆ ಉಳಿಯುತ್ತಿದ್ದ ವೆಚ್ಚವು ಸಣ್ಣದಲ್ಲ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಬೆಂಕಿಯ ಮೇಲೆ ಕಾಯಿಸಿ ಮರಳಿ ಹಾಕುವ ಪದ್ಧತಿಯು ಕೆಲವೆಡೆ ಇದೆ. ಮೊದಲ ದಿನ ಅದು ಹಿಡಿಯುವುದು ನಿಜ. ಆದರೆ ಒಳಗಿನ ರಂಧ್ರಗಳಲ್ಲಿ ನಿಂತ ಎಣ್ಣೆಯು ಬ್ರೇಕು ಬಿಸಿಯಾದಾಗ, ಎಂದರೆ ಉದ್ದವಾದ ಇಳಿಜಾರಿನ ನಡುವೆ, ಮೇಲಕ್ಕೆ ಬರುವುದು.

ಶೂಗೆ ಲೈನಿಂಗನ್ನು ಕೂರಿಸುವುದು ಊರಿನ ಫಿಟ್ಟರನೂ ಮಾಡಬಲ್ಲ ಕೆಲಸ. ಹಳೆಯ ರಿವೆಟ್ಟುಗಳನ್ನು ಕೊರೆದು ತೆಗೆದು ಶೂವಿನ ಮೈಯನ್ನು ತುಕ್ಕಿಲ್ಲದಂತೆ ಶುಚಿಮಾಡಬೇಕು. ಹಿತ್ತಾಳೆ, ತಾಮ್ರ ಅಥವಾ ಅಲ್ಯೂಮಿನಿಯಮ್ಮಿನ ರಿವೆಟ್ಟುಗಳನ್ನೇ ಉಪಯೋಗಿಸತಕ್ಕದ್ದು; ಕಬ್ಬಿಣದ ಮೊಳೆಯನ್ನು ಕತ್ತರಿಸಿ ಬಡಿಯುವ ಉಪಾಯವು ಡ್ರಮ್ಮಿಗೆ ಶತ್ರು. ರಿವೆಟ್ಟುಗಳನ್ನು ನಡುವಿನ ತೂತುಗಳಿಂದ ಆರಂಭಿಸಿ ಎರಡು ಕೊನೆಗಳ ಕಡೆಗೆ ಬಡಿಯುತ್ತ ಹೋಗಬೇಕು. ಕೊನೆಗಳಿಂದ ಆರಂಭಿಸಿದರೆ ನಡುವೆ ಲೈನಿಂಗು ಉಬ್ಬಿ ನಿಲ್ಲುವುದು. ಉಬ್ಬಿದೆಡೆ ಮಾತ್ರ ಡ್ರಮ್ಮನ್ನು ಮುಟ್ಟಿ, ಬೇಗ ಸುಟ್ಟು, ಬಿರುಕುಬಿಡುವುದು. ಕೆಲಸ ಮುಗಿದ ಮೇಲೆ ಲೈನಿಂಗಿಗೂ ಶೂಗೂ ನಡುವೆ ತೆಳುವಾದ ಕಾಗದವೂ ತೂರಬಾರದು. ಕೊನೆಗಳ ಅಂಚನ್ನು ಅರದಿಂದ ಸ್ವಲ್ಪ ಓರೆಮಾಡಿದರೆ ಕಿರುಗುಟ್ಟುವುದಿಲ್ಲ. ಹೊಸ ಲೈನಿಂಗಿನಲ್ಲಿಯೂ ಕಲ್ನಾರು ಇರಬಹುದಾದುದರಿಂದ ಅರವನ್ನು ಹಾಕುವಾಗ ಒದ್ದೆಮಾಡಿಕೊಳ್ಳುವುದು ಒಳ್ಳೆಯದು. ಹಿಂದಕ್ಕೆಳೆಯುವ ಸ್ಪ್ರಿಂಗುಗಳು ಜಗ್ಗಿದ್ದರೆ ಬದಲಾಯಿಸಬೇಕು; ಶೂಗಳನ್ನು ಅಗಲಿಸುವ ತಿರುಗಣೆಯು ತುಕ್ಕು ಹಿಡಿದಿದ್ದರೆ ಬಿಚ್ಚಿ, ಶುಚಿಮಾಡಿ, ಅತ್ಯಲ್ಪ ಗ್ರೀಸನ್ನು ಸವರಬೇಕು. ಡ್ರಮ್ಮಿನಲ್ಲಿ ಸಾಲುಗಳು ಬಿದ್ದಿದ್ದರೆ ಎರಡು ಡ್ರಮ್ಮುಗಳನ್ನೂ ಲೇತಿನ ಮೇಲೆ ಒಂದೇ ಅಳತೆಗೆ ಕಡೆಸಬೇಕು. ಬಿರುಕು ಕಂಡ ಡ್ರಮ್ಮನ್ನು ಎಸೆಯುವುದಲ್ಲದೆ ಬೇರೆ ದಾರಿಯಿಲ್ಲ.

ಒಂದು ಪಕ್ಕವು ಮಾತ್ರ ಸವೆದಿದೆಯೆಂದು ಆ ಪಕ್ಕಕ್ಕೆ ಮಾತ್ರ ಹೊಸ ಲೈನಿಂಗು ಹಾಕಿಸುವುದು ಮಿತವ್ಯಯದಂತೆ ತೋರಬಹುದು. ಹೊಸದರ ಹಿಡಿತ ಬೇರೆ, ಹಳೆಯದರ ಹಿಡಿತ ಬೇರೆ. ಯಾವ ಅಸಮತೆಯನ್ನು ಕಳೆಯಲು ಹೊರಟಿದ್ದರೋ ಅದನ್ನು ಎಡದಿಂದ ಬಲಕ್ಕೆ ಬದಲಾಯಿಸಿದಂತಾಗುವುದು, ಅಷ್ಟೆ. ಎರಡು ಪಕ್ಕಕ್ಕೂ ಒಂದೇ ದಿನ, ಒಂದೇ ತಯಾರಕರ, ಒಂದೇ ಬಗೆಯ ಲೈನಿಂಗನ್ನು ಹಾಕಿಸತಕ್ಕದ್ದು.

ಬೇರೆ ಕೆಲವು ಮಾದರಿಗಳಲ್ಲಿ ಬ್ರೇಕು ಗಾಲಿಯ ಹತ್ತಿರವಿರದೆ, ಗೇರಿನ ಪೆಟ್ಟಿಗೆಯ ಪಕ್ಕದ ಮುಚ್ಚಳದ ಹಿಂದೆ ಇರುವುದು. ಅಂಥವುಗಳಲ್ಲಿ ಗಾಲಿಯನ್ನು ಬಿಚ್ಚದೆಯೇ ಕೆಲಸವು ಸಾಗಬಹುದು. ಒಣ ತಟ್ಟೆಗಳ ಬ್ರೇಕು ಸಾಮಾನ್ಯವಾಗಿ ಈ ಬಗೆಯದು. ಲೈನಿಂಗು ಹೊದೆಸಿದ ಎರಡು ತಟ್ಟೆಗಳ ನಡುವೆ ಜೋಡಿ ಬಿಲ್ಲೆಗಳಿದ್ದು, ಬಿಲ್ಲೆಗಳ ಒಳಮೈಯ ಇಳಿಜಾರು ಕುಳಿಗಳಲ್ಲಿ ಉಕ್ಕಿನ ಗುಂಡುಗಳಿರುವುವು. ಪೆಡಲನ್ನು ಒತ್ತಿದಾಗ ಬಿಲ್ಲೆಗಳು ಒಂದಕ್ಕೊಂದು ಎದುರಾಗಿ ತಿರುಗಿ, ಗುಂಡುಗಳು ಕುಳಿಯ ಇಳಿಜಾರನ್ನೇರಿ, ಬಿಲ್ಲೆಗಳು ಅಗಲವಾಗಿ ತಟ್ಟೆಗಳನ್ನು ಗೋಡೆಗೆ ಒತ್ತುವುವು. ಇಲ್ಲಿ ತಟ್ಟೆಗಳನ್ನು ಬದಲಾಯಿಸಿದಷ್ಟಕ್ಕೆ ನಿಲ್ಲದೆ ಕುಳಿಗಳನ್ನು ಬೆರಳಿನಿಂದ ತಡವಿ ನೋಡಬೇಕು. ಗುಂಡು ಒಂದೇ ಕಡೆ ಒತ್ತಿ ತಗ್ಗು ಮಾಡಿದ್ದರೆ ಬ್ರೇಕು ಹಿಡಿದದ್ದು ಬಿಡುವುದಿಲ್ಲ, ಅಥವಾ ಎಳೆದೆಳೆದು ಹಿಡಿಯುವುದು. ಅಂಥ ಬಿಲ್ಲೆಯನ್ನು ತೆಗೆದುಹಾಕತಕ್ಕದ್ದು. ಈಚಿನ ಯಂತ್ರಗಳಲ್ಲಿರುವ ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳು ಬಹುಕಾಲ ಬಾಳುವುವು. ಅವುಗಳನ್ನು ಬಿಚ್ಚುವ ಕೆಲಸವನ್ನು ತರಬೇತಾದವರಿಗೆ ಬಿಡುವುದೇ ಯುಕ್ತ.

ಬಿಡಿಭಾಗಗಳನ್ನು ಕೊಳ್ಳುವಾಗ ಹಳೆಯ ಶೂವನ್ನಾಗಲಿ ತಟ್ಟೆಯನ್ನಾಗಲಿ ಅಂಗಡಿಗೆ ಒಯ್ದು ಅಳತೆ ಹಿಡಿದು ನೋಡಬೇಕು. ೧೯೭೧ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರು ತಯಾರಿಕೆಯನ್ನು ಆರಂಭಿಸಿದ ಎಚ್.ಎಂ.ಟಿ. ಸಂಸ್ಥೆಯ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು ೨೦೧೬ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಆ ಯಂತ್ರಗಳು ಇನ್ನೂ ಹೊಲಗಳಲ್ಲಿವೆ. ಹೀಗೆ ಮೂಲ ತಯಾರಕರಿಲ್ಲದ ಯಂತ್ರಗಳಿಗೆ ಬೇರೆಯವರು ಮಾಡಿದ ಭಾಗಗಳೇ ಗತಿಯಾದುದರಿಂದ ಅಳತೆಯ ಎಚ್ಚರ ಹೆಚ್ಚಾಗಿರಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ, ಗಾಲಿಯು ಇನ್ನೂ ನೆಲದಿಂದ ಮೇಲಿರುವಾಗಲೇ, ಕೈಯಿಂದ ತಿರುಗಿಸುತ್ತ ಬಿಗಿಮಾಡುತ್ತ ಬಂದು, ಲೈನಿಂಗು ಉಜ್ಜುವ ಸದ್ದು ಕೇಳಿಸಿದೊಡನೆ ಗಾಲಿಯು ಸರಾಗವಾಗಿ ತಿರುಗುವಷ್ಟು ಸಡಿಲಿಸಬೇಕು. ಎರಡು ಪೆಡಲುಗಳ ಸಡಿಲ ಓಟವೂ ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟಿದ್ದು, ಒಂದಕ್ಕೊಂದು ಸರಿಸಮವಾಗಿರಬೇಕು. ಆಮೇಲೆ ಗಾಲಿಯ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಕಣದಲ್ಲಿ ಗುರುತುಗಳ ಪರೀಕ್ಷೆಯನ್ನು ಮತ್ತೆ ಮಾಡಿ, ಹೆಚ್ಚು ಹಿಡಿಯುವ ಪಕ್ಕವನ್ನು ಸ್ವಲ್ಪ ಸಡಿಲಿಸಿ ಸಮಮಾಡಬೇಕು.

ಗದ್ದೆಯನ್ನು ಕೆಸರು ಮಾಡಿ ಬಂದ ಯಂತ್ರದ ಬ್ರೇಕಿನೊಳಗೆ ನೀರೂ ಕೆಸರೂ ಸೇರಿರುವುದುಂಟು. ಬದುವಿನಿಂದ ರಸ್ತೆಗೆ ಹತ್ತಿದೊಡನೆ ಸ್ವಲ್ಪ ದೂರ ಮೆಲ್ಲನೆ ನಡೆಸುತ್ತ ಪೆಡಲನ್ನು ಹಗುರವಾಗಿ ಒತ್ತಿಟ್ಟರೆ ಉಜ್ಜುವಿಕೆಯ ಬಿಸಿಯಿಂದ ಅದು ಒಣಗುವುದು. ಇಳಿಜಾರಿನಲ್ಲಿ ಡೀಸೆಲ್ ಉಳಿಸುವ ಆಸೆಯಿಂದ ಗೇರನ್ನು ತಪ್ಪಿಸಿ ಬಿಡುವುದೂ, ಕ್ಲಚ್ಚನ್ನು ಒತ್ತಿ ಹಿಡಿಯುವುದೂ, ಇಂಜಿನ್ನು ಕೊಡುತ್ತಿದ್ದ ತಡೆಯನ್ನು ಕೈಯಾರೆ ಕಳೆದುಕೊಂಡಂತೆ. ನೆತ್ತಿಯಲ್ಲಿಯೇ ಕೆಳಗಿನ ಗೇರಿಗೆ ಹಾಕಿಕೊಂಡು ಇಳಿಯಬೇಕು. ಉರುಳಲು ಆರಂಭಿಸಿದ ಮೇಲೆ ಗೇರು ಸೇರುವುದಿಲ್ಲ.

ಗ್ರಾಮದ ಮುಖಂಡರು ಕಟಾವಿಗೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಊರಿನ ಟ್ರ್ಯಾಕ್ಟರುಗಳನ್ನೆಲ್ಲ ಒಂದೇ ಬಯಲಿಗೆ ತರಿಸಿ ಎಲ್ಲರೆದುರಿನಲ್ಲಿ ಈ ಪರೀಕ್ಷೆಯನ್ನು ಮಾಡಿಸಿದರೆ, ಒಬ್ಬೊಬ್ಬರಿಗೆ ಬುದ್ಧಿ ಹೇಳುವ ಕಷ್ಟ ತಪ್ಪುವುದು. ನೆಲದ ಮೇಲಿನ ಗುರುತಿನೊಡನೆ ವಾದಿಸುವವರು ಕಡಮೆ. ಹೊಸ ಟ್ರೈಲರು ಮಾಡಿಸುವವರು ಅದಕ್ಕೂ ಬ್ರೇಕು ಇರುವಂತೆ ಮೊದಲೇ ಹೇಳಿ ಮಾಡಿಸುವುದು ಲೇಸು. ಮದುವೆಗೂ ಜಾತ್ರೆಗೂ ಟ್ರೈಲರಿನಲ್ಲಿ ಜನರನ್ನು ತುಂಬಿ ಕಳುಹಿಸುವುದನ್ನು ಮುಖಂಡರು ತಡೆಯಬೇಕು. ಮೇಲಿನ ಲೆಕ್ಕದಲ್ಲಿ ಕಬ್ಬಿನ ಸ್ಥಳದಲ್ಲಿ ಮನುಷ್ಯರನ್ನು ಇಟ್ಟು ಯೋಚಿಸಿದರೆ ಸಾಕು. ಇಳಿಜಾರಿನಲ್ಲಿ ನಿಂತ ಟ್ರೈಲರಿಗೆ ಅಡ್ಡ ಕೊಟ್ಟ ಕಲ್ಲನ್ನು ರಸ್ತೆಯಲ್ಲಿಯೇ ಬಿಟ್ಟುಹೋಗುವ ಚಾಳಿಯಿಂದ ರಾತ್ರಿಯ ಹೊತ್ತು ದ್ವಿಚಕ್ರವಾಹನದವರು ಬೀಳುವರು. ಹಿಡಿ ಹಾಕಿದ ಮರದ ಬೆಣೆಯೊಂದನ್ನು ಹಗ್ಗದಿಂದ ಟ್ರೈಲರಿಗೆ ಕಟ್ಟಿಟ್ಟರೆ ಕಲ್ಲೇ ಬೇಕಾಗುವುದಿಲ್ಲ.

ಹೊಸ ಲೈನಿಂಗು ಡ್ರಮ್ಮಿಗೆ ಒಗ್ಗಿಕೊಳ್ಳುವವರೆಗೆ ಪೆಡಲಿನ ಓಟವು ಸ್ವಲ್ಪ ಹೆಚ್ಚುವುದು ಸ್ವಾಭಾವಿಕ. ಆದುದರಿಂದ ದುರಸ್ತಿಯಾದ ಎಂಟು ದಿನಗಳ ಕೆಲಸದ ಅನಂತರ ಪೆಡಲುಗಳನ್ನೂ ಗಾಲಿಯ ನಟ್ಟುಗಳನ್ನೂ ಇನ್ನೊಂದು ಸಲ ನೋಡಿ, ಎರಡು ಪಕ್ಕವನ್ನೂ ಒಟ್ಟಿಗೆ ಬಿಗಿಮಾಡತಕ್ಕದ್ದು.